ಹಿಟ್ನಾಳ ಕ್ರಾಸಿನಲ್ಲಿ ‘ತಪ್ಪು ನಂದ’ ಎಂದವನ ಬೆರಳುಗಳು

ಕೊಪ್ಪಳದಿಂದ ಬಂದವರೇ, ಗಂಗಾವತಿಯಿಂದ ಬಂದವರೇ, ಕುಷ್ಟಗಿ–ಯಲಬುರ್ಗಾದಿಂದ ಟಂಟಂ ಹತ್ತಿ ಬಂದು ಮುಂದಿನ ಸಾಲಿಗಾಗಿ ಜಗಳಾಡುತ್ತಿರುವವರೇ, ಹಿಂದೆ ಗೋಡೆಯ ಮೇಲೆ ಕೂತು ಸೀಟಿ ಹೊಡೆಯುವ ಮಹಾನುಭಾವರೇ, ಎಲ್ಲರೂ ಒಂದು ಗಳಿಗೆ ಸುಮ್ಮನಾಗಿ! ಇವತ್ತು ಪರದೆ ಏಳುವುದಿಲ್ಲ. ಪೇಟಿ ಮಾಸ್ತರ ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದಕ್ಕೆ ಉತ್ತರ ಹೇಳಬೇಕಾದವರು ಒಂದು ವಿಮಾ ಕಛೇರಿಯ ಫ್ಯಾನಿನ ಕೆಳಗೆ ಕೂತಿದ್ದಾರೆ. ನೀವೆಲ್ಲ ಸಾಕ್ಷಿಯಾಗಿರಿ. ನಾನು ಅವರೊಂದಿಗೆ ಮಾತಾಡುತ್ತೇನೆ.

ಅಪಘಾತ ಪರಿಹಾರದ ಅರ್ಜಿಗಳನ್ನು ತೂಗಿ ನೋಡುವ ಅಧಿಕಾರಿಗಳೇ,

ಪೀಠಿಕೆ ಬೇಡ. ನಮ್ಮ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವ ಗ್ಯಾನಪ್ಪನ ಬಲಗೈಯನ್ನು ಒಂದು ಕಾರು ಜಜ್ಜಿತು. ಆ ಕಾರಿಗೆ ವಿಮೆ ಕೊಟ್ಟವರು ನೀವು. ಪರಿಹಾರ ಕೊಡುವ ಹೊತ್ತು ಬಂದಾಗ, ‘ಅಪಘಾತದಲ್ಲಿ ಅರ್ಧ ತಪ್ಪು ಗಾಯಾಳುವಿನದೇ’ ಎಂದು ನ್ಯಾಯಮಂಡಳಿಗೆ ಬರೆದು ಕೊಟ್ಟಿದ್ದೀರಿ. ಆಧಾರ ಏನು? ಯಾರೋ ದಾರಿಹೋಕರು ಮೊಬೈಲಿನಲ್ಲಿ ಹಿಡಿದ ವಿಡಿಯೋ. ಅದರಲ್ಲಿ ಗ್ಯಾನಪ್ಪ ತನ್ನ ಬಾಯಿಂದಲೇ ‘ತಪ್ಪು ನಂದ ಐತಿ’ ಎಂದಿದ್ದಾನೆ. ಹೌದು, ಎಂದಿದ್ದಾನೆ. ನಾನೇ ಕಿವಿಯಾರೆ ಕೇಳಿದ್ದೇನೆ. ಅದಕ್ಕೇ ಈ ಪತ್ರ.

ಆ ಮುಂಜಾನೆ ನಾವಿಬ್ಬರೂ ಗಂಗಾವತಿ ಕಡೆಯ ಒಂದು ಊರಿಗೆ ನಾಟಕದ ತಾಲೀಮಿಗೆ ಹೊರಟಿದ್ದೆವು. ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ನಾನು ಆಚೆ ಬದಿಯ ಹೋಟೆಲಿನಲ್ಲಿ ಇಬ್ಬರಿಗೂ ಚಹಾ ಹೇಳುತ್ತಿದ್ದೆ. ಗ್ಯಾನಪ್ಪ ಡಾಂಬರು ಬಿಟ್ಟು, ಬಿಳಿ ಪಟ್ಟಿಯನ್ನೂ ಬಿಟ್ಟು, ಮಣ್ಣಿನಲ್ಲಿ ಲೈಟಿನ ಕಂಬದ ಪಕ್ಕ ನಿಂತಿದ್ದ. ಪೇಟಿಯನ್ನು ಕಂಬಕ್ಕೆ ಒರಗಿಸಿ, ಅದರ ಮೇಲೆ ಬಲಗೈ ಇಟ್ಟುಕೊಂಡಿದ್ದ. ಮಗುವಿನ ತಲೆಯ ಮೇಲೆ ಕೈ ಇಟ್ಟವರ ಹಾಗೆ. ಬಿಳಿ ಕಾರೊಂದು ಬಂತು. ದಾರಿ ತೋರಿಸುವ ಫೋನನ್ನು ನೋಡುತ್ತಿದ್ದ ಚಾಲಕನಿಗೆ ದಾರಿಯೇ ಕಾಣಲಿಲ್ಲ. ಕಾರು ಪಟ್ಟಿ ದಾಟಿ ಮಣ್ಣಿಗಿಳಿದು ಪೇಟಿಗೆ ಗುದ್ದಿತು. ಪೇಟಿಗೂ ಕಂಬಕ್ಕೂ ನಡುವೆ ಗ್ಯಾನಪ್ಪನ ಬೆರಳುಗಳು ಸಿಕ್ಕವು. ಆ ಸದ್ದನ್ನು ಬರೆಯಲಾರೆ. ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳುವ ಗಂಟಲು ನನ್ನದು. ಆ ಗಂಟಲಿನಿಂದ ಅವನ ಹೆಸರು ಕೂಗುತ್ತ ರಸ್ತೆ ದಾಟಿ ಓಡಿದೆ.

ಆಮೇಲೆ ನಡೆದದ್ದೇ ನಿಮ್ಮ ವಿಡಿಯೋದ ಕಥೆ. ಹೋಟೆಲು, ಪಂಕ್ಚರ್ ಅಂಗಡಿ, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ಓಡಿಬಂದರು. ಯಲಬುರ್ಗಾ ಕಡೆಯ ಆ ಚಾಲಕ ದುರಗೇಶನನ್ನು ಅಂಗಿ ಹಿಡಿದು ಹೊರಗೆಳೆದರು. ‘ಹೊಡೀರಿ ಮಗನ್ನ!’ ‘ಕಾಲ ಮುರೀರಿ, ಇನ್ನೊಮ್ಮೆ ಗಾಡಿ ಮುಟ್ಟಬಾರದು!’ ಅವನು ತನ್ನ ತಾಯಿ ಉಡಚಮ್ಮನನ್ನು ಅಂಜನಾದ್ರಿಗೆ ಕರೆದುಕೊಂಡು ಹೊರಟಿದ್ದನಂತೆ. ಆ ಮುದುಕಿ ಕಾರಿನಿಂದ ಇಳಿದು, ಮಣ್ಣಿನಲ್ಲಿ ಮಂಡಿಯೂರಿ ಸೆರಗೊಡ್ಡಿದಳು. ‘ಯಪ್ಪಾ, ಒಬ್ಬಾವ ಮಗ ಅದಾನ, ಬಿಡ್ರಪ್ಪಾ!’ ಯಾರು ಕೇಳುತ್ತಾರೆ? ಒಬ್ಬನ ಕೈಯಲ್ಲಿ ಆಗಲೇ ಜಾಕ್ ಹೊಡೆಯುವ ಕಬ್ಬಿಣದ ಸಲಾಕೆ ಬಂದಿತ್ತು.

ಆಗ ಕಂಬದ ಬುಡದಲ್ಲಿ ಕುಸಿದು ಕೂತಿದ್ದ ಗ್ಯಾನಪ್ಪ, ಬಲಗೈಯನ್ನು ಎದೆಗೆ ಅವಚಿಕೊಂಡು ಕೂಗಿದ: ‘ಏ, ಹೊಡೀಬ್ಯಾಡ್ರೋ! ಬಿಡ್ರೋ ಅವನ್ನ! ಅವಂದೇನೂ ಇಲ್ಲ, ತಪ್ಪು ನಂದ ಐತಿ. ನಾನ ಅಡ್ಡ ಬಂದೆ!’

ಸಲಾಕೆ ಕೆಳಗಿಳಿಯಿತು. ಒಂದು ಜೀವ ಉಳಿಯಿತು. ಗ್ಯಾನಪ್ಪ ಆ ಮಾತು ಆಡದಿದ್ದರೆ ನಿಮ್ಮ ಮೇಜಿನ ಮೇಲೆ ಇವತ್ತು ಎಂಥ ಕಡತ ಇರುತ್ತಿತ್ತು, ಯೋಚಿಸಿದ್ದೀರಾ? ಪರಿಹಾರದ ಜೊತೆಗೆ ನೀವು ಅವನಿಗೆ ಒಂದು ಶಾಲು ಹೊದಿಸಿದ್ದರೂ ನಾನು ಆಶ್ಚರ್ಯಪಡುತ್ತಿರಲಿಲ್ಲ. ನೀವು ಹೊದಿಸಿದ್ದು ಅರ್ಧ ತಪ್ಪನ್ನು.

ನಿಮ್ಮ ಕಛೇರಿಗೆ ನಾನು ಬಂದಿದ್ದೆ, ನೆನಪಿರಬೇಕು. ಕುರ್ಚಿ ತೋರಿಸಿದಿರಿ, ನೀರು ಕೊಡಿಸಿದಿರಿ, ಸೌಜನ್ಯಕ್ಕೆ ಕೊರತೆ ಮಾಡಲಿಲ್ಲ. ನಾನು ಬಾಯಿ ತೆರೆದ ಕೂಡಲೇ ‘ಸ್ವಲ್ಪ ಮೆತ್ತಗ ಮಾತಾಡ್ರಿ ಯಜಮಾನ್ರ, ಇದು ಆಫೀಸು’ ಎಂದಿರಿ. ಆಮೇಲೆ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ವಿಡಿಯೋ ಹಚ್ಚಿದಿರಿ. ಒಂದು ಸಲವಲ್ಲ, ಎರಡು ಸಲ.

‘ನೋಡ್ರಿ, ಯಾರೂ ಹೇಳಿಸಿಲ್ಲ. ಅವರ ಬಾಯಿಲೇ ಒಪ್ಪ್ಯಾರ. ನಾವೇನ ಮಾಡೋಣ? ಲೋಕ ಅದಾಲತ್‌ನ್ಯಾಗ ಅರ್ಧಕ್ಕ ಒಪ್ಪಿಬಿಡ್ರಿ. ಲಗೂನ ರೊಕ್ಕ ಬರತಾವ, ಲಗೂನ ಆಪರೇಷನ್ ಆಕ್ಕೈತಿ.’

‘ಸಾಹೇಬ್ರ, ಅವ ಹಂಗ ಅಂದದ್ದು ಆ ಹುಡುಗನ್ನ ಉಳಿಸಾಕ.’

‘ಯಾಕ ಅಂದ್ರು ಅನ್ನೋದು ನಮಗ ಬ್ಯಾಡ್ರಿ. ಏನ ಅಂದ್ರು ಅಷ್ಟ ಬೇಕು.’

ಏನೆಂದರು ಅಷ್ಟೇ ಬೇಕು! ಹಾಗಾದರೆ ನನ್ನನ್ನು ಈಗಲೇ ಬಂಧಿಸಿರಿ. ಮೂವತ್ತು ವರ್ಷದಿಂದ ನಾಲ್ಕೂ ತಾಲೂಕುಗಳ ರಂಗದ ಮೇಲೆ ಖಳನಾಯಕನ ಪಾತ್ರ ಹಾಕುತ್ತ ಬಂದವನು ನಾನು. ಕೊನೆಯ ಅಂಕದಲ್ಲಿ ಮೀಸೆ ತಿರುವಿ, ‘ಹೌದು, ಆ ಕೊಲೆ ಮಾಡಿದವನು ನಾನೇ!’ ಎಂದು ಎಷ್ಟು ಊರುಗಳಲ್ಲಿ ಗರ್ಜಿಸಿದ್ದೇನೋ ಲೆಕ್ಕವಿಲ್ಲ. ಎಲ್ಲದಕ್ಕೂ ವಿಡಿಯೋ ಇದೆ. ಕೆಲವಕ್ಕೆ ಚಪ್ಪಾಳೆಯೂ ಇದೆ.

ರಂಗದಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ: ನಿನ್ನ ಮಾತಿಗಿಂತ ಮೊದಲು ಎದುರಿನವನ ಮಾತನ್ನು ಬಾಯಿಪಾಠ ಮಾಡು, ಅದಿಲ್ಲದೆ ನಿನ್ನ ಮಾತಿಗೆ ಅರ್ಥವಿಲ್ಲ. ಆ ವಿಡಿಯೋದ ಚಿತ್ರವನ್ನು ಬಿಡಿ, ಧ್ವನಿಯನ್ನು ಕೇಳಿ. ಗ್ಯಾನಪ್ಪನ ಮಾತಿಗೆ ಮುಂಚೆ ಒಬ್ಬ ತಾಯಿಯ ಅಳು ಇದೆ. ಅದಕ್ಕೂ ಮುಂಚೆ ‘ಹೊಡೀರಿ’ ಇದೆ. ಅವೆರಡನ್ನೂ ಕತ್ತರಿಸಿ ಉತ್ತರವನ್ನು ಮಾತ್ರ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದ್ದೀರಿ. ನಮ್ಮ ನಾಟಕ ಕಂಪನಿಯಲ್ಲಿ ಯಾರಾದರೂ ಹೀಗೆ ಮಾತು ನುಂಗಿದರೆ ಮರುದಿನ ಅವನಿಗೆ ಪರದೆ ಎಳೆಯುವ ಕೆಲಸ ಕೊಡುತ್ತೇವೆ.

ಇನ್ನೊಂದು ವಿಷಯ. ನೀವು ಈ ಸೀಮೆಗೆ ವರ್ಗವಾಗಿ ಬಂದು ಎಷ್ಟು ಕಾಲವಾಯಿತೋ ತಿಳಿಯದು. ನಮ್ಮ ಭಾಷೆಯನ್ನಂತೂ ಛಲೋ ಕಲಿತಿದ್ದೀರಿ; ನಮ್ಮ ರೀತಿಯನ್ನು ಕಲಿತಂತಿಲ್ಲ. ಕುಷ್ಟಗಿ ಬಸ್ಸಿನಲ್ಲಿ ಒಮ್ಮೆ ನಿಂತು ಪ್ರಯಾಣ ಮಾಡಿ. ಯಾರಾದರೂ ನಮ್ಮ ಕಾಲು ತುಳಿದರೆ, ತುಳಿಸಿಕೊಂಡವರೇ ‘ಇರ್ಲಿ ಬಿಡ್ರಿ, ನಾನ ಕಾಲ ಚಾಚಿದ್ದೆ’ ಎನ್ನುತ್ತೇವೆ. ಮನೆಗೆ ಬಂದವರು ಕೈತಪ್ಪಿ ಚಹಾದ ಕಪ್ಪು ಒಡೆದರೆ, ‘ನಾವ ಅಂಚಿನ್ಯಾಗ ಇಟ್ಟಿದ್ವಿ’ ಎನ್ನುತ್ತೇವೆ. ಎದುರಿಗಿರುವವರ ಮುಖ ಸಣ್ಣದಾಗಬಾರದೆಂದು ತಪ್ಪನ್ನು ನಮ್ಮ ಕಡೆ ಎಳೆದುಕೊಳ್ಳುವುದು ಇಲ್ಲಿಯ ಮರ್ಯಾದೆ. ಅದನ್ನು ಕಾನೂನಿನ ತಪ್ಪೊಪ್ಪಿಗೆ ಎಂದು ಓದುವುದಾದರೆ ಈ ಜಿಲ್ಲೆಯ ಮುಕ್ಕಾಲು ಜನ ಜೈಲಿನಲ್ಲಿರಬೇಕಾಗುತ್ತದೆ.

ಪೊಲೀಸರ ಪಂಚನಾಮೆ ಓದಿದ್ದೀರಿ. ಗಾಲಿಯ ಗುರುತು ಬಿಳಿ ಪಟ್ಟಿಯಾಚೆ ಮಣ್ಣಿನಲ್ಲಿದೆ ಎಂದು ಅದರಲ್ಲಿದೆ. ಆರೋಪಪಟ್ಟಿ ದುರಗೇಶನ ಮೇಲಿದೆ. ಮಣ್ಣಿನಲ್ಲಿ ಕಂಬದ ಪಕ್ಕ ನಿಂತವನು ಯಾರಿಗೆ ಅಡ್ಡ ಬಂದ? ಕಂಬವೂ ಅಡ್ಡ ಬಂದಿತ್ತೇ? ಕಂಬದ ಪಾಲಿನ ತಪ್ಪನ್ನು ಯಾಕೆ ಬಿಟ್ಟಿರಿ?

ಹೋದ ವಾರ ಉಡಚಮ್ಮ ಮಗನನ್ನು ಕರೆದುಕೊಂಡು ಗ್ಯಾನಪ್ಪನ ಮನೆಗೆ ಬಂದಿದ್ದಳು. ದುರಗೇಶ ಹೊಸ್ತಿಲಲ್ಲೇ ನಿಂತ. ಗ್ಯಾನಪ್ಪನ ಹೆಂಡತಿ ಅನುಸೂಯಾ ಒಳಗೂ ಕರೆಯಲಿಲ್ಲ, ಹೊರಗೂ ಹಾಕಲಿಲ್ಲ.

‘ತಪ್ಪು ನಂದ ಐತ್ರಿ ಮಾಸ್ತರ’ ಎಂದ ದುರಗೇಶ. ‘ಆದ್ರ ಇನ್ಸೂರೆನ್ಸ್ ಕಡಿಯವ್ರು ಹೇಳ್ಯಾರ್ರಿ, ನೀ ಬಾಯಿ ಬಿಟ್ರ ಎಲ್ಲಾ ರೊಕ್ಕ ನಿನ್ನ ಮ್ಯಾಲೆ ಬರತೈತಿ, ಸುಮ್ಮನಿರು ಅಂತ.’

ಅನುಸೂಯಾ ಗಂಡನ ಕಡೆ ತಿರುಗಿದಳು. ‘ಕೇಳಿದ್ರಿಲ್ಲ? ತಪ್ಪು ಮಾಡಿದವ್ರು ಸುಮ್ಮನಿರಬೇಕಂತ. ತಪ್ಪು ಇಲ್ಲದ ನೀವು ಊರ ಮುಂದ ಒದರಿದ್ರಿ. ನಿಮ್ಮ ಒಳ್ಳೇತನಕ್ಕ ಯಾವ ದವಾಖಾನ್ಯಾಗೂ ಔಷಧ ಇಲ್ಲ!’

‘ಮತ್ತೇನ ಮಾಡಬೇಕಿತ್ತ? ನೋಡ್ಕೋತ ಕುಂದ್ರಬೇಕಿತ್ತೇನ? ಆ ಸಲಾಕಿ ನೋಡಿದ್ರ ನೀನೂ ಹಂಗ ಅಂತಿದ್ದಿ.’

ಅನುಸೂಯಾ ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ಇಟ್ಟಳು. ಗ್ಯಾನಪ್ಪನ ಕಪ್ಪನ್ನು ಅವನ ಎಡಗೈಗೆ ಕೊಟ್ಟಳು.

ಅಧಿಕಾರಿಗಳೇ, ಆ ಬಲಗೈಯ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಡಾಕ್ಟರು ಒಂದು ಆಪರೇಷನ್ ಮಾಡಿದ್ದಾರೆ. ಇನ್ನೊಂದು ಆಗಬೇಕು, ಬೇಗ ಆಗಬೇಕು. ತಡವಾದರೆ ಬೆರಳುಗಳು ಮಡಚಿಕೊಂಡ ಹಾಗೇ ಗಟ್ಟಿಯಾಗುತ್ತವೆ, ಮತ್ತೆ ಬಿಚ್ಚುವುದಿಲ್ಲ ಎಂದಿದ್ದಾರೆ. ಇದು ನಿಮಗೂ ಗೊತ್ತು, ನಿಮ್ಮ ವಕೀಲರಿಗೂ ಗೊತ್ತು. ಆದ್ದರಿಂದಲೇ ‘ಅರ್ಧಕ್ಕೆ ಒಪ್ಪಿ’ ಎಂಬ ಮಾತು ಇಷ್ಟು ಮೆತ್ತಗೆ ಬರುತ್ತಿದೆ. ಗ್ಯಾನಪ್ಪ ಒಪ್ಪಿಬಿಡುವ ಮನಸ್ಸಿನಲ್ಲಿದ್ದಾನೆ. ‘ಪಂಪಾ, ಪೇಟಿ ಮುಂದ ಕುಂತ್ರ ಬೆರಳು ಮಾತ ಕೇಳವಲ್ಲವು. ಅರ್ಧನ ಬರ್ಲಿ, ಬೆರಳ ಉಳೀಲಿ’ ಎಂದ. ನಾನು ಬೇಡವೆಂದೆ. ನನ್ನ ಬೆರಳು ನೆಟ್ಟಗಿವೆ, ಬೇಡ ಎನ್ನುವುದು ನನಗೆ ಸುಲಭ. ಇದೂ ನನಗೆ ಗೊತ್ತು. ಆದರೆ ಅರ್ಧಕ್ಕೆ ಒಪ್ಪಿದರೆ ಅರ್ಧ ತಪ್ಪಿಗೂ ಅವನು ಸಹಿ ಹಾಕಿದಂತೆ. ಒಬ್ಬನ ಜೀವ ಉಳಿಸಿದ ಮಾತು ಇನ್ನು ಮೇಲೆ ಅವನ ಅಪರಾಧವಾಗಿ ಉಳಿಯುತ್ತದೆ.

ಇದನ್ನು ಜಿಲ್ಲೆಯ ಜನ ನೋಡುತ್ತಿದ್ದಾರೆ. ಮುಂದೆ ಗಿಣಿಗೇರಾದ ಹತ್ತಿರವೋ ಹನುಮನಹಳ್ಳಿಯ ದಾರಿಯಲ್ಲೋ ಇನ್ನೊಂದು ಕಾರು ಇನ್ನೊಬ್ಬರಿಗೆ ಬಡಿಯುತ್ತದೆ. ಜನ ಇನ್ನೊಬ್ಬ ಚಾಲಕನ ಅಂಗಿ ಹಿಡಿಯುತ್ತಾರೆ. ಆಗ ಗಾಯಾಳು ಏನು ಮಾಡಬೇಕು? ಮೊದಲು ವಕೀಲರಿಗೆ ಫೋನ್ ಹಚ್ಚಿ, ‘ನಾನೀಗ ಬಾಯಿ ತೆರೆದರೆ ಪರಿಹಾರ ಎಷ್ಟು ಕಡಿಮೆಯಾಗುತ್ತದೆ’ ಎಂದು ಕೇಳಬೇಕೇ? ಅವನು ಗ್ಯಾನಪ್ಪನನ್ನು ನೆನೆಸಿಕೊಂಡು ತುಟಿ ಹೊಲಿದುಕೊಂಡರೆ, ಆ ಚಾಲಕನ ತಲೆಯ ಮೇಲೆ ಬೀಳುವ ಏಟಿನಲ್ಲಿ ನಿಮ್ಮ ಪಾಲು ಎಷ್ಟು? ಅದೂ ಅರ್ಧವೇ?

ನಾನು ಭಿಕ್ಷೆ ಕೇಳುತ್ತಿಲ್ಲ. ‘ಗಾಯಾಳುವಿನದೂ ಅರ್ಧ ನಿರ್ಲಕ್ಷ್ಯ’ ಎಂಬ ವಾದವನ್ನು ಹಿಂದಕ್ಕೆ ಪಡೆಯಿರಿ. ದುರಗೇಶನಿಗೆ ಹಾಕಿದ ಬಾಯಿಬೀಗ ತೆಗೆಯಿರಿ. ನಡೆದದ್ದನ್ನು ನಡೆದ ಹಾಗೆ ಹೇಳಲು ಬಿಡಿ. ಬೆರಳುಗಳು ಗಟ್ಟಿಯಾಗುವ ಮೊದಲು ಪೂರ್ತಿ ಪರಿಹಾರ ಕೊಡಿ.

ನಾಳೆ ಮುಂಜಾನೆ ಕೊಪ್ಪಳದಲ್ಲಿ ಅದಾಲತ್ತು ಕೂಡುತ್ತದೆ. ಹಿಟ್ನಾಳದಿಂದ ಮೊದಲ ಬಸ್ಸು ಹತ್ತಿ ಬರುತ್ತೇನೆ. ಆ ಪೇಟಿ ನನ್ನ ಹೆಗಲ ಮೇಲಿರುತ್ತದೆ. ಒಂದು ಮೂಲೆ ಒಡೆದಿದೆ, ಸ್ವರಗಳೆಲ್ಲ ನೆಟ್ಟಗಿವೆ. ಗ್ಯಾನಪ್ಪ ಬರುತ್ತಾನೆ. ಉಡಚಮ್ಮ ಮಗನ ರಟ್ಟೆ ಹಿಡಿದು ಕರೆತರುತ್ತೇನೆ ಎಂದಿದ್ದಾಳೆ. ಆ ತಾಯಿಯ ಮಾತನ್ನು ನಾನು ನಂಬುತ್ತೇನೆ. ಅಲ್ಲಿ ನೀವು ಕೂಡುವ ಮೇಜಿನ ಮೇಲೆ, ನಿಮ್ಮ ಕಾಗದಗಳನ್ನು ಸ್ವಲ್ಪ ಸರಿಸಿ, ಪೇಟಿ ಇಡುತ್ತೇನೆ. ಗ್ಯಾನಪ್ಪ ಎಡಗೈಯಿಂದ ತಿದಿ ಒತ್ತುತ್ತಾನೆ. ಗಾಳಿ ತುಂಬುವ ಅರ್ಧ ಕೆಲಸ ಅವನಿಂದ ಈಗಲೂ ಆಗುತ್ತದೆ. ಉಳಿದ ಅರ್ಧ ನಿಮ್ಮದು: ನಿಮ್ಮ ಬಲಗೈ ಇಟ್ಟು ಸ್ವರ ನುಡಿಸಿರಿ. ನೀವು ನುಡಿಸುವವರೆಗೆ ನಾನು ಹಾಡಲು ಬಾಯಿ ತೆರೆದು ಎದುರಿಗೇ ನಿಂತಿರುತ್ತೇನೆ.

ಇಂತಿ,
ಶ್ರುತಿ ಹಿಡಿಯುವವನಿಲ್ಲದೆ ಒಣ ಗಂಟಲಲ್ಲಿ ಕೂಗುತ್ತಿರುವ
ಖಳನಾಯಕ ಪಂಪಾಪತಿ, ಹಿಟ್ನಾಳ