ಸೀರೆಯ ಹಿಂದಿನ ಪಾದ

ಫೆಬ್ರವರಿ ೩೦, ೨೧೭೧

ಆರು ತಲೆಮಾರಿನಾಚೆಯ ನನ್ನ ಅಜ್ಜ, ಪೇಂಟರ್ ಮುದಕಪ್ಪನಿಗೆ ಮೊಮ್ಮಗಳು ಸಾವಂತ್ರಿಯ ನಮಸ್ಕಾರ.

ತಾರೀಖು ನೋಡಿ ನಗಬೇಡ. ಫೆಬ್ರವರಿ ತೀರಾ ಬಡಕಲಾಯಿತೆಂದು ನಮ್ಮವರು ಅದಕ್ಕೆ ಎರಡು ದಿನ ಕೂಡಿಸಿದ್ದಾರೆ. ನನ್ನ ಮಾತೂ ನಿನ್ನ ಕಿವಿಗೆ ವಿಚಿತ್ರ ಅನ್ನಿಸೀತು, ಹೊಟ್ಟೆಗೆ ಹಾಕಿಕೊ.

ನಾನೂ ನಿನ್ನಂತೆಯೇ ಗೋಡೆ ಬರೆಯುವವಳು. ಒಳ್ಳೆಯ ಸಂಸಾರ ಹೇಗಿರಬೇಕೆಂದು ಸರ್ಕಾರ ಹೇಳಿದ್ದನ್ನು ಊರ ಆಸ್ಪತ್ರೆಯ ಗೋಡೆಗೆ ಬರೆಯುತ್ತೇನೆ. ಈಗಿನ ಆದರ್ಶ ‘ಹತ್ತುಗೈ ಮನೆ’. ಅಂದರೆ, ರಕ್ತಸಂಬಂಧ ಇರಲಿ ಬಿಡಲಿ, ಒಂದೇ ಒಲೆಯ ಅಡುಗೆಯನ್ನು ಐದು ಜನ ಉಣ್ಣಬೇಕು. ಅದಕ್ಕೆ ಕಡಿಮೆಯಾದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ನನ್ನ ಮನೆಯಲ್ಲಿರುವುದು ನಾಲ್ಕೇ ಕೈ: ನನ್ನವೆರಡು, ನನ್ನನ್ನು ಸಾಕಿದ ತುಂಗವ್ವನವೆರಡು. ನಿನ್ನೆ ಬುತ್ತಿ ತಂದ ಆಕೆ ಸರ್ಕಾರ ಕಳಿಸಿದ ಮಾದರಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ರಾಗ ನಾವಿಬ್ರು ಎಲ್ಲದೀವಿ ಯವ್ವಾ?" ಎಂದು ಕೇಳಿದಳು.

ಇವತ್ತು ಬೆಳಿಗ್ಗೆ ಆ ಗೋಡೆಯ ಹಳೆಯ ಬಣ್ಣ ಕೆರೆದೆ. ಮೇಲಿನ ಪದರದಲ್ಲಿ ಒಂಟಿಯಾಗಿ ನಗುವ ಹೆಂಗಸು, ಅದರಡಿ ‘ದಯವಿಟ್ಟು ಹೆರಿ’ ಎಂದು ಕೈಮುಗಿಯುವ ಡಾಕ್ಟರು, ಎಲ್ಲದರ ಅಡಿಯಲ್ಲಿ ನಿನ್ನ ಚಿತ್ರ. ಅಪ್ಪ, ಅವ್ವ, ಇಬ್ಬರೇ ಮಕ್ಕಳು, ಕೆಳಗೆ ನಿನ್ನ ಸಹಿ. ಆಗ ನಿನ್ನ ಮನೆಯಲ್ಲಿ ಮೂರನೆಯವಳು ಫಕೀರವ್ವ ಹುಟ್ಟಿದ್ದಳು. ಗೋಡೆ ಬರೆಯುವವನ ಮನೆಯಲ್ಲೇ ಮೂರು ಎಂದು ಊರು ನಕ್ಕಿತ್ತೆಂದೂ, ಕುಟುಂಬ ಯೋಜನೆಯ ಸಾಹೇಬರು ಬಂದಾಗಲೆಲ್ಲ ನೀನು ಆಕೆಯನ್ನು ಒಳಗೆ ಕಳಿಸುತ್ತಿದ್ದೆಯೆಂದೂ ಕೇಳಿ ಬೆಳೆದವಳು ನಾನು. ನಿನ್ನ ಮೇಲೆ ಸಿಟ್ಟಿತ್ತು ಅಜ್ಜ, ಸುಳ್ಳೇಕೆ ಹೇಳಲಿ?

ಆದರೆ ಚಿತ್ರದ ಅವ್ವನ ಸೀರೆಯ ನೆರಿಗೆ ಒರೆಸುವಾಗ ಅದರ ಹಿಂದೆ ಪುಟ್ಟ ಪಾದವೊಂದು ಕಂಡಿತು. ಎಣಿಸಿದೆ. ಆರು ಬೆರಳು! ಫಕೀರವ್ವನಿಂದ ನಮ್ಮ ಮನೆತನಕ್ಕೆ ಇಳಿದು ಬಂದದ್ದು, ನನ್ನ ಎಡಗಾಲಲ್ಲೂ ಇರುವುದು. ಅಲ್ಲೇ ಕೂತು ಅತ್ತೆ. ಅಯ್ಯೋ ಹುಚ್ಚಪ್ಪಾ, ಅಷ್ಟು ಪ್ರೀತಿ ಇಟ್ಟುಕೊಂಡು ಅಷ್ಟೇಕೆ ಹೆದರಿದೆ?

ಮೇಲ್ವಿಚಾರಕ ಬಂದು, "ಸಂಜೀ ಒಳಗ ಅದನ್ನ ಮುಚ್ಚಿಬಿಡ್ರಿ" ಎಂದು ಹೇಳಿ ಹೋದ. ನಾನು ಮುಚ್ಚುವುದಿಲ್ಲ. ಅದರ ಪಕ್ಕದಲ್ಲೇ ನನ್ನನ್ನೂ ತುಂಗವ್ವನನ್ನೂ ಮುಡಿಯಿಂದ ಅಡಿಯವರೆಗೆ ಬರೆಯುತ್ತೇನೆ. ಕೆಲಸ ಹೋದರೆ ಹೋಗಲಿ.

ನಿನ್ನಲ್ಲಿ ಒಂದೇ ಬೇಡಿಕೆ. ನಿನ್ನ ಬಣ್ಣ ಒಣಗುವ ಮೊದಲು ಈ ಕಾಗದ ಮುಟ್ಟಿದರೆ, ಆಕೆಯನ್ನು ಸೀರೆಯ ಮರೆಯಿಂದ ಈಚೆಗೆ ಕರೆ. ಮುಖವನ್ನೂ ಬರೆ. ಆಕೆಯ ಫೋಟೋ ಒಂದೂ ಉಳಿದಿಲ್ಲ. ಆಕೆ ಹೇಗಿದ್ದಳೆಂದು, ಆಕೆಯ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡ ನಮಗಾರಿಗೂ ಗೊತ್ತಿಲ್ಲ.

ನಿನ್ನ,
ಸಾವಂತ್ರಿ ಫಕೀರವ್ವನವರ