ಬಾಣಲೆ ಇಡದ ಮನೆ

ಶಿರಸಿ
ಶುಕ್ರವಾರ, ೧೯ ಡಿಸೆಂಬರ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಪ್ರತಿಭಾಳಿಗೆ ಅತ್ತೆ ರೆಜಿನಾ ಮಾಡುವ ಆಶೀರ್ವಾದಗಳು. ನಿನ್ನನ್ನೂ ನನ್ನ ಮೊಮ್ಮಗಳು ಸ್ಫೂರ್ತಿಯನ್ನೂ ಪ್ರಭುವು ತನ್ನ ಅಂಗೈಯಲ್ಲಿಟ್ಟು ಕಾಯಲಿ.

ಸೌಭಾಗ್ಯವತಿ ಎಂಬ ಪದವನ್ನು ಕೈತಪ್ಪಿ ಬರೆದೆನೆಂದು ತಿಳಿಯಬೇಡ. ನಮ್ಮ ಕ್ರೈಸ್ತ ಮನೆಗಳ ಪತ್ರಗಳಲ್ಲಿ ಈ ಒಕ್ಕಣೆ ರೂಢಿಯಲ್ಲಿಲ್ಲವೆಂಬುದನ್ನು ಬಲ್ಲೆ. ಆದರೆ ಪ್ರಾಯವನ್ನೆಲ್ಲ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವುದರಲ್ಲಿ ಕಳೆದ ಕೈ ಇದು. ಪತಿ ಬದುಕಿರುವ ಹೆಣ್ಣಿಗೆ ಹೀಗೆಯೇ ಬರೆಯತಕ್ಕದ್ದೆಂದು ಹೇಳಿಕೊಟ್ಟಿದ್ದೇನೆ. ಇಂದೂ ಹಾಗೆಯೇ ಬರೆದಿದ್ದೇನೆ.

ನಿನ್ನೆ ನಿನ್ನ ತವರು ಯಲ್ಲಾಪುರದ ಇಗರ್ಜಿಯ ಗುರುಗಳು ದೂರವಾಣಿಯಲ್ಲಿ ಮಾತನಾಡಿದರು. ನನ್ನ ಮಗ ಇನಾಸನ ಹೆಸರಿನಲ್ಲಿ ಮೃತರ ಪೂಜೆಯನ್ನು ಅರ್ಪಿಸಬೇಕೆಂದು, ಅದೂ ಹಬ್ಬಕ್ಕೆ ಮೊದಲೇ ಆಗಬೇಕೆಂದು ನೀನು ಕೇಳಿಕೊಂಡಿರುವೆಯಂತೆ. "ದೇಹ ಸಿಕ್ಕಿಲ್ಲ ಅಮ್ಮಾ. ಹೆತ್ತವರು ಒಪ್ಪದೆ ಆ ಹೆಸರನ್ನ ನಾನು ಪೀಠದ ಮುಂದೆ ಓದೋದು ಹ್ಯಾಗೆ? ನಿಮ್ಮ ಒಂದು ಮಾತು ಬೇಕು," ಎಂದರು. ಉತ್ತರವನ್ನು ನನ್ನ ಸೊಸೆಗೇ ತಿಳಿಸುವೆನೆಂದು ಹೇಳಿ ಫೋನು ಇಟ್ಟೆ. ನಿನಗೆ ಫೋನು ಮಾಡಿದರೆ ನಾನೊಂದು ಹೇಳುವೆ, ನೀನೊಂದು ಹೇಳುವೆ, ಕೊನೆಗೆ ಇಬ್ಬರೂ ಮಾತಿಲ್ಲದೆ ಉಳಿಯುವೆವು. ಆದಕಾರಣ ಈ ಪತ್ರ.

ಉತ್ತರ ಇಷ್ಟೇ, ಮಗಳೇ: ಬೇಡ.

ನೀನು ಹೇಳಬಹುದಾದುದೆಲ್ಲವನ್ನೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಜುಲೈ ತಿಂಗಳ ಆ ಮಳೆಯಲ್ಲಿ ಮಂಚಿಕೇರಿಯ ಈಚೆ ಅವನ ಸರಕಿನ ಗಾಡಿ ಬೇಡ್ತಿ ಹೊಳೆಗೆ ಉರುಳಿದ್ದು ನಿಜ. ಹೊಳೆ ಇಳಿದ ಮೇಲೆ ಗಾಡಿಯನ್ನು ಎಳೆದು ತೆಗೆದಾಗ ನೀನೂ ನಾನೂ ದಂಡೆಯಲ್ಲಿಯೇ ನಿಂತಿದ್ದೆವು. ಒಳಗೆ ಕೆಸರಿತ್ತು, ನೀನು ಕಟ್ಟಿಕೊಟ್ಟಿದ್ದ ಬುತ್ತಿಯ ಡಬ್ಬಿಯಿತ್ತು, ಅವನಿರಲಿಲ್ಲ. ಚಾಲಕನ ಕಡೆಯ ಬಾಗಿಲು ತೆರೆದಿತ್ತು. ನೀರೇ ತೆರೆದಿರಬೇಕೆಂದು ಎಲ್ಲರೂ ಅಂದರು. ನೀರಿಗೆ ಚಿಲಕ ಸರಿಸುವ ಬೆರಳುಗಳಿವೆಯೆ? ನಡೆಯುವುದಕ್ಕೆ ಮೊದಲು ಈಜು ಕಲಿತವನು ಅವನು. ಪೆಟ್ಟಾಗಿ ಹೆಸರು ಊರು ಮರೆತು ಯಾವುದೋ ಆಸ್ಪತ್ರೆಯಲ್ಲಿ, ಯಾವುದೋ ಪುಣ್ಯವಂತರ ಜಗುಲಿಯಲ್ಲಿ ಬಿದ್ದಿರಲಾರನೆಂದು ಪ್ರಮಾಣ ಮಾಡುವವರು ಯಾರು? ಮಾತೆ ಮರಿಯಮ್ಮನವರೂ ಒಮ್ಮೆ ಮಗನನ್ನು ಕಳೆದುಕೊಂಡು ಹಾದಿಬೀದಿಯಲ್ಲಿ ಹುಡುಕಿದವರೇ. ಸಿಕ್ಕುವ ಮುನ್ನ ಆ ತಾಯಿಯನ್ನು ಯಾರಾದರೂ ಕೂರಿಸಿ, ಸಾಕು ಬಿಡು ಎಂದಿದ್ದರೆ?

ಮೃತರ ದಿನದಂದು ನಡೆದುದನ್ನು ನೀನು ಮರೆತಿಲ್ಲ. ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಎಲ್ಲರೂ ತಮ್ಮತಮ್ಮವರ ಸಮಾಧಿಗೆ ದೀಪವಿಡುತ್ತಿರಲು, ಸಮಾಧಿಯಿಲ್ಲದ ನೀನು ದೊಡ್ಡ ಶಿಲುಬೆಯ ಬುಡದಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ನಾನು ಅದನ್ನು ಬೆರಳಿನಿಂದ ಹೊಸಕಿದೆ. ಮರುದಿನ ನೀನು ಮಗುವಿನ ಕೈ ಹಿಡಿದು ತವರಿಗೆ ಹೊರಟೆ. ಹೊಸ್ತಿಲಲ್ಲಿ ನಿಂತು ಅಂದ ಮಾತು ಈಗಲೂ ಮನೆಯ ಗೋಡೆಗಳಲ್ಲಿದೆ: "ಮಾಂಯ್, ಕಾಯೋದು ಅಂದ್ರೆ ಎಂತ ಅಂತ ನಿಮಗಿಂತ ನಂಗೆ ಗೊತ್ತುಂಟು. ಅವರ ಹೆಸರಲ್ಲಿ ಒಂದು ಪೂಜೆ ಆದ್ರೆ ನಂಗೆ ಬಾಯಿಬಿಟ್ಟು ಅಳ್ಲಿಕ್ಕಾದ್ರೂ ಆಗ್ತದೆ. ಈಗ ಅದೂ ಇಲ್ಲ." ಆದರೆ ನೀನು ಅಳುವುದಕ್ಕೋಸ್ಕರ ನನ್ನ ಮಗ ಸಾಯಬೇಕೆ?

ಕಠಿಣವಾದ ಮಾತು ಬಂದಿತು. ಹೊಡೆದು ಹಾಕುವುದಿಲ್ಲ, ನನ್ನ ಸ್ಥಿತಿ ನಿನಗೆ ಗೊತ್ತಾಗಲಿ.

ಮಹಿಳಾ ಸಂಘದ ಕ್ರಿಸ್ಮಸ್ ಬುಟ್ಟಿಗಳ ಕೆಲಸ ಈ ವಾರ ಪಿಲ್ಲುಬಾಯಿಯ ಅಂಗಳದಲ್ಲಿ ಆರಂಭವಾಯಿತು. ಅವಳೇ ಸಂಘದ ಅಧ್ಯಕ್ಷೆಯಾದ್ದರಿಂದ ಈಗ ಬುಟ್ಟಿ ಎನ್ನುವಂತಿಲ್ಲ, ಹ್ಯಾಂಪರ್ ಎನ್ನಬೇಕು. ನೀನೇ ಕಂಡಂತೆ ಒಬ್ಬರು ಜೋನಿಬೆಲ್ಲ ಸುರಿದು ದೊದೊಲ್ ಹಲ್ವ ಕಾಯಿಸುತ್ತಾರೆ. ಇನ್ನೊಬ್ಬರು ಬಾಚಣಿಗೆಯ ಮೇಲೆ ಹಿಟ್ಟನ್ನೊತ್ತಿ ಕಿಡಿಯೊ ಸುರುಳಿ ಸುತ್ತುತ್ತಾರೆ. ಎಳ್ಳು, ಕೊಬ್ಬರಿ, ಸಕ್ಕರೆಯ ಹೂರಣವಿಟ್ಟು ಅರ್ಧಚಂದ್ರದಂತೆ ಮಡಿಸಿ ಕರಿಯುವ ನೆವ್ರಿ ಎಂದಿನಿಂದಲೂ ನನ್ನದು. ಕಳೆದ ವರ್ಷ ಅಂಚು ಸೊಟ್ಟಗಾದುವನ್ನು ನಾನು ಬೇರೆ ತೆಗೆದಿಡುತ್ತಿದ್ದಾಗ ಇನಾಸ ಬಂದು, "ಅಮ್ಮಾ, ನಿನ್ನ ನೆವ್ರಿಗೂ ವ್ಯಾಕರಣ ಉಂಟಾ? ಫೇಲಾದದ್ದೆಲ್ಲ ಇತ್ಲಾಗೆ ಕೊಡು, ನನ್ನ ಹೊಟ್ಟೇಲಿ ಪಾಸಾಗ್ತದೆ," ಎಂದು ತಟ್ಟೆಯನ್ನೇ ಎತ್ತಿಕೊಂಡು ಹೋದನಲ್ಲವೆ. ನೀನು ಸೆರಗು ಬಾಯಿಗಿಟ್ಟು ನಕ್ಕಿದ್ದೆ.

ಈ ಸಲ ನನ್ನನ್ನು ಯಾರೂ ಕರೆಯಲಿಲ್ಲ. ಕಾರಣ ನಿನಗೂ ಗೊತ್ತಿದೆ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ತಿಂಡಿಗೆ ಬಾಣಲೆ ಇಡುವುದಿಲ್ಲ. ನೆರೆಯವರೇ ತಮ್ಮ ಮನೆಯ ಕುಸ್ವಾರ್ ತಿಂಡಿಗಳನ್ನು ತಟ್ಟೆಯಲ್ಲಿ ತುಂಬಿ, ಬಟ್ಟೆ ಮುಚ್ಚಿ ತಂದುಕೊಡುತ್ತಾರೆ. ಆ ತಟ್ಟೆಯನ್ನು ತೆಗೆದುಕೊಂಡ ಮನೆ ಸಾವನ್ನು ಒಪ್ಪಿಕೊಂಡ ಮನೆ. ಬಾಣಲೆ ಇಟ್ಟರೆ ಎಲ್ಲರೂ ಬದುಕಿರುವ ಮನೆ. ಇವೆರಡರ ನಡುವೆ ಮೂರನೆಯ ಬಗೆಯ ಮನೆಯನ್ನು ನಮ್ಮ ಹಿರಿಯರು ಹೇಳಿಲ್ಲ. ಆದಕಾರಣ ಕರೆಯದಿದ್ದರೂ ಇಂದು ಬೆಳಿಗ್ಗೆ ನಾನಾಗಿಯೇ ಹೋದೆ.

ಅಂಗಳ ಹೊಕ್ಕೊಡನೆ ಅದುವರೆಗೆ ಕೇಳುತ್ತಿದ್ದ ಮಾತು ನಿಂತಿತು. "ಎಂತಕ್ಕೆ ಬಂದ್ರಿ ಟೀಚರ್ ಈ ಚಳಿಯಲ್ಲಿ? ಈ ವರ್ಷ ನೀವು ಸುಮ್ನೆ ಕೂತ್ಕಳಿ, ನಾವೇ ಮಾಡ್ತೇವೆ," ಎಂದು ಪಿಲ್ಲುಬಾಯಿ ಕುರ್ಚಿ ಎಳೆದಳು. ಕೂತುಕೊಂಡೇ ಲಟ್ಟಿಸುತ್ತೇನೆಂದು ಹೇಳಿ ಮಣೆಯನ್ನು ಮುಂದಕ್ಕೆಳೆದುಕೊಂಡೆ. ಮಧ್ಯಾಹ್ನದವರೆಗೆ ತಲೆಯೆತ್ತದೆ ದುಡಿದೆ. ಮನೆಯಲ್ಲಿ ಎಲ್ಲವೂ ಸರಿಯಿದ್ದವಳಂತೆ ದುಡಿದೆ. ಆಮೇಲೆ ಬುಟ್ಟಿ ತುಂಬುವ ಹೊತ್ತಿನಲ್ಲಿ ಹಿಂದಿನಿಂದ ಒಬ್ಬಳು ಪಿಸುಗುಟ್ಟಿದ್ದು ಕೇಳಿಸಿತು: "ಆ ತಟ್ಟೆಯದು ಬೇಡ್ರೇ, ಅದು ಟೀಚರ್ ಕೈಯಿಂದು." ತಿರುಗಿ ನೋಡಿದೆ. ನನ್ನ ನೆವ್ರಿಗಳಷ್ಟೂ ಬೆಂಚಿನ ತುದಿಯಲ್ಲಿ ಬಟ್ಟೆ ಹೊದ್ದು ಮಲಗಿದ್ದವು. ಒಂದಾದರೂ ಒಂದು ಬುಟ್ಟಿಗೂ ಹೋಗಿರಲಿಲ್ಲ.

ಪಿಲ್ಲುಬಾಯಿ ನನ್ನ ತೋಳು ಹಿಡಿದಳು. "ಸಿಟ್ ಮಾಡ್ಕಬೇಡಿ. ಹಬ್ಬದ ಬುಟ್ಟಿ ಅಲ್ದಾ? ಯಾರ್ಯಾರ ಮನೆಗೋ ಹೋಗ್ತದೆ. ನಮ್ಮನೇರು ತೀರ್ಕಂಡ ವರ್ಷ ನನ್ನ ಕೈಯಿಂದ ಲಟ್ಟಣಿಗೆ ತಗಂಡವರು ನೀವೇ. ನಾನು ಬೇಜಾರ್ ಮಾಡ್ಕಂಡ್ನಾ?" ಅವಳ ಗಂಡನ ಶವಪೆಟ್ಟಿಗೆಗೆ ನಾವೆಲ್ಲ ಮಣ್ಣು ಹಾಕಿದ್ದೆವು ಎಂದು ಹೇಳಬೇಕೆಂದಿದ್ದೆ.

ಅಷ್ಟರಲ್ಲಿ ಅಡಿಕೆ ವ್ಯಾಪಾರದ ಶಿವಲಿಂಗಪ್ಪನವರು ತಮ್ಮ ಬುಟ್ಟಿಗಳನ್ನು ಒಯ್ಯಲು ಬಂದರು. ಬನವಾಸಿ ಕಡೆಯ ಮನುಷ್ಯ. ಪ್ರತಿ ವರ್ಷ ಅಂಗಡಿಯ ಗುಮಾಸ್ತರಿಗೂ ಸ್ನೇಹಿತರಿಗೂ ನಮ್ಮ ಬುಟ್ಟಿಗಳನ್ನೇ ಹಂಚುವವರು. ಬಂದವರೇ ಚೀಟಿ ನೋಡಿ, "ಏನ್ರೀ ಬಾಯಾರ, ಬುಟ್ಟಿ ಅಂದಾಗ ಒಂದ್ ರೇಟು, ಹ್ಯಾಂಪರ್ ಅಂದಕೂಡ್ಲೇ ಇನ್ನೊಂದ್ ರೇಟು? ಮುಂದಿನ ವರ್ಷ ಮತ್ತೇನ್ ಹೆಸರು ಇಡ್ತೀರಿ, ಈಗ್ಲೇ ಹೇಳ್ರಿ, ರೊಕ್ಕಾ ಕೂಡಿಸಿ ಇಡ್ತೇನಿ," ಎಂದರು. ಹೆಂಗಸರೆಲ್ಲ ನಕ್ಕರು. ಅನಂತರ ನನ್ನನ್ನು ಕಂಡು, "ಟೀಚರ್ರ, ನಿಮ್ಮ ನೆವ್ರಿ ಇದರಾಗ ಅದಾವಿಲ್ರಿ? ಇಲ್ಲಂದ್ರ ನಮ್ಮ ಮನ್ಯಾಗ ನನ್ನ ಒಳಗ ಬಿಡೂದಿಲ್ಲ," ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ನಾನು ಎದ್ದುನಿಂತು, ನಾಳೆ ನಮ್ಮ ಮನೆಯಲ್ಲಿಯೇ ಬಾಣಲೆ ಇಡುವವಳಿದ್ದೇನೆ, ಅವರ ಮನೆಗೊಂದು ಬುಟ್ಟಿಯನ್ನು ಬೇರೆಯೇ ಕಟ್ಟಿ ಕಳುಹಿಸುತ್ತೇನೆ ಎಂದೆ. ನನ್ನ ದನಿ ಅಗತ್ಯಕ್ಕಿಂತ ದೊಡ್ಡದಾಗಿತ್ತು. "ಹಂಗಾದ್ರ ಛಲೋ ಆತ್ರಿ. ಅವಸರಿಲ್ಲ. ಇನಾಸ ಬಂದಮ್ಯಾಲ ಅವನ ಕೈಲೇ ಕೊಟ್ಟು ಕಳಸ್ರಿ," ಎಂದರು.

ನಮ್ಮ ಪದ್ಧತಿಯನ್ನರಿಯದ ಆ ಮನುಷ್ಯ ಸೌಜನ್ಯಕ್ಕೆಂದು ಆಡಿದ ಮಾತಿರಬಹುದು. ಆದರೂ ಪ್ರತಿಭಾ, ಇಷ್ಟು ತಿಂಗಳಲ್ಲಿ ನನ್ನ ಮಗನ ಕುರಿತು 'ಬಂದ ಮೇಲೆ' ಎಂದವರು ಅವರೊಬ್ಬರೇ. ಆ ಎರಡು ಪದಗಳಿಗಾಗಿ ಅಲ್ಲಿಯೇ ಅವರ ಕಾಲಿಗೆ ಬೀಳಬಲ್ಲವಳಾಗಿದ್ದೆ.

ಈಗ ಅಡುಗೆಮನೆಯಲ್ಲಿ ಎಲ್ಲವೂ ಸಿದ್ಧವಾಗಿದೆ. ಎಳ್ಳು ಹುರಿದಾಗಿದೆ, ಕೊಬ್ಬರಿ ತುರಿದಾಗಿದೆ, ಏಲಕ್ಕಿ ಕುಟ್ಟಿದಾಗಿದೆ. ನಾಳೆ ಬೆಳಿಗ್ಗೆ ಬಾಣಲೆ ಇಟ್ಟು, ಮಧ್ಯಾಹ್ನದ ಬಸ್ಸಿಗೆ ನಿನಗೊಂದು ಬುಟ್ಟಿ ಕಳುಹಿಸುತ್ತೇನೆ. ಈ ಪತ್ರವೂ ಅದರೊಳಗೇ ಇರುತ್ತದೆ. ನಿನ್ನಲ್ಲಿ ನನ್ನ ಬೇಡಿಕೆ ಇದು. ಆ ನೆವ್ರಿಯನ್ನು ನೀನು ತಿನ್ನು, ಮಗುವಿಗೆ ಕೊಡು, ನಿನ್ನ ತವರಿನ ಅಕ್ಕಪಕ್ಕದವರಿಗೆಲ್ಲ ತಟ್ಟೆ ತಟ್ಟೆಯಾಗಿ ಹಂಚು. ಲೋಪಿಸರ ಮನೆಯಲ್ಲಿ ಈ ವರ್ಷ ಬಾಣಲೆ ಇಟ್ಟಿದ್ದಾರೆಂದು ಯಲ್ಲಾಪುರದವರು ಅರಿಯಲಿ. ಆಮೇಲೆ ಗುರುಗಳ ಬಳಿಗೆ ಹೋಗಿ, ಅತ್ತೆ ಒಪ್ಪಲಿಲ್ಲವೆಂದು ತಿಳಿಸಿ ನಿನ್ನ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೋ.

ನನಗೆ ಒಂದು ವರ್ಷ ಕೊಡು. ಒಂದು ವರ್ಷ ಆಗದಿದ್ದರೆ ಈಸ್ಟರ್ ಹಬ್ಬದವರೆಗಾದರೂ ಕೊಡು. ಅದೂ ಹೆಚ್ಚೆಂದು ತೋರಿದರೆ ಈ ಒಂದು ಕ್ರಿಸ್ಮಸ್ ಕೊಡು. ಅಷ್ಟನ್ನೂ ಕೊಡಲಾರದಷ್ಟು ಬಡವಳಲ್ಲ ನೀನು. ನನ್ನನ್ನು ಹುಚ್ಚಿ ಎಂದು ಕರೆದರೂ ಸರಿ, ಮಗುವಿನ ಮುಂದೆ ಕರೆದರೂ ಸರಿ. ನಾನು ಹೆತ್ತವಳು, ಅವನು ಲೋಕಕ್ಕೆ ಬಂದಾಗ ಮೊದಲು ಸಾಕ್ಷಿ ನುಡಿದ ಬಾಯಿ ನನ್ನದು. ಅದೇ ಬಾಯಿಂದ ಅವನು ಇಲ್ಲವೆಂದು ಹೇಳಿಸಬೇಡ.

ಪ್ರಭುವಿನ ಜನನವನ್ನು ಎದುರುನೋಡುವ ಈ ಆಗಮನ ಕಾಲದಲ್ಲಿ ಕಾಯುವುದನ್ನು ಪಾಪವೆಂದು ಯಾರೂ ಹೇಳಲಾರರು. ನಾನು ಕಾಯುತ್ತೇನೆ. ನೀನು ಜೊತೆಗಿದ್ದರೆ ಕಾಯುವುದು ಹಗುರ.

ಇತಿ, ನಿನ್ನ ಶ್ರೇಯಸ್ಸನ್ನೇ ಬಯಸುವ, ನಿನ್ನ ಮಾತಿಗೆ ಕೈಯೊಡ್ಡಿ ಕುಳಿತಿರುವ,
ಮಾಂಯ್
(ರೆಜಿನಾ ಲೋಪಿಸ್)

ಮರುಬರಹ:

ಶನಿವಾರ ಬೆಳಿಗ್ಗೆ. ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ.

ಶಿಲುಬೆಯ ಗುರುತು ಮಾಡಿ ಬಾಣಲೆ ಇಟ್ಟೆ. ಎಣ್ಣೆ ಕಾಯುತ್ತಿರಲು ಮೊದಲ ನೆವ್ರಿಯನ್ನು ಮಡಿಸಿ ಅಂಚನ್ನು ಒತ್ತುತ್ತಿದ್ದೆ. ಆಗ ರಸ್ತೆಯಲ್ಲಿ ಒಂದು ಸರಕಿನ ಗಾಡಿ ಬಂದು ನಮ್ಮ ಗೇಟಿನೆದುರಿಗೇ ನಿಂತಿತು. ಜುಲೈಯಿಂದೀಚೆಗೆ ಅಂತಹ ಸದ್ದು ಕೇಳಿದಾಗಲೆಲ್ಲ, ಜಪಮಾಲೆಯ ನಡುವಿನಲ್ಲಿದ್ದರೂ, ಎದ್ದು ಬಾಗಿಲಿಗೆ ಓಡಿದವಳು ನಾನು. ಇಂದು ಏಳಲಿಲ್ಲ. ಗಾಡಿ ಅಲ್ಲಿಯೇ ಗುರುಗುಟ್ಟುತ್ತ ನಿಂತಿತ್ತು. ನನ್ನ ಬೆರಳುಗಳು ಅಂಚನ್ನು ಒತ್ತುತ್ತಲೇ ಇದ್ದವು. ಅದು ಹೊರಟುಹೋದ ಮೇಲೆ ನಾನು ಏಳಲಿಲ್ಲವೆಂಬುದು ನನಗೆ ತಿಳಿಯಿತು. ಅವನು ಬರನೆಂಬುದು ನನಗಿಂತ ಮೊದಲೇ ನನ್ನ ಕಾಲುಗಳಿಗೆ ಗೊತ್ತಾಗಿತ್ತು.

ಒಲೆ ಆರಿಸಿದೆ.

ಸ್ವಲ್ಪ ಹೊತ್ತಿಗೆ ಪಿಲ್ಲುಬಾಯಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಬೈಸಿಕೊಳ್ಳುವ ಧೈರ್ಯ ಮಾಡಿಯೇ ಬಂದಿದ್ದಳು. "ಬೇಡ ಅಂದ್ರೆ ವಾಪಸ್ ತಗಂಡ್ ಹೋಗ್ತೆ ಟೀಚರ್," ಎಂದಳು. ತಟ್ಟೆಗೆ ಎರಡೂ ಕೈ ಚಾಚಿದೆ. ಅವಳ ಹಿಂದೆ ಇನ್ನೂ ಇಬ್ಬರು ಬಂದರು.

ಈ ಬುಟ್ಟಿಯಲ್ಲಿರುವುದು ಅವರು ತಂದ ಕುಸ್ವಾರ್. ನನ್ನ ಕೈಯದು ಒಂದೂ ಇಲ್ಲ. ಮಗುವಿಗೆ ಕೊಡು, ನೀನೂ ತಿನ್ನು, ಯಾರಿಗೂ ಹಂಚಬೇಡ. ಗುರುಗಳಿಗೆ ಪೂಜೆಯ ದಿನವನ್ನು ಗೊತ್ತುಮಾಡಲು ಹೇಳು. ಇನಾಸನ ಹೆಸರನ್ನು ಪೂರ್ತಿಯಾಗಿ, ಇಗ್ನೇಶಿಯಸ್ ಲೋಪಿಸ್ ಎಂದು ಓದಲಿ. ಆ ದಿನ ನಾನು ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಪಕ್ಕದಲ್ಲಿ ನನಗೊಂದು ಸ್ಥಳ ಹಿಡಿದಿರು.