ಕೆಫೆಯ ಹೆಂಗಸರ ಫೋಟೋಗಳು

೧೭ ಆಗಸ್ಟ್ ೨೦೧೪, ಭಾನುವಾರ. ಎಜ್‌ಬಾಸ್ಟನ್.

ರಜೆಗೆ ಹೋಗಿದ್ದ ನೀಸ್ ಊರಿನಿಂದ ಬಂದು ಮೂರು ದಿನವಾದರೂ ಅನುಮಾನ ಹೋಗಿರಲಿಲ್ಲ. ರಜೆಯಲ್ಲಿ ಗಂಡ ಮಹಾಶಯ ವಿನಾಯಕ ನನ್ನದಾಗಲಿ ಮಗಳದಾಗಲಿ ಒಂದು ಫೋಟೋನೂ ತೆಗೀಲಿಲ್ಲ. "ಇದು ಸ್ಟ್ರೀಟ್ ಫೋಟೋಗ್ರಫಿ ಕಣೇ, ಪೋಸ್ ಕೊಡೋದಲ್ಲ" ಅಂದ. ಕ್ಯಾಮೆರಾ ಮಾತ್ರ ಸದಾ ಕೆಫೆಯ ಹೆಂಗಸರ ಕಡೆಗೇ.

ಇವತ್ತು ಅವನು ಆಸ್ಪತ್ರೆ ಡ್ಯೂಟಿಗೆ ಹೋದಮೇಲೆ ಅವನ ಲ್ಯಾಪ್‌ಟಾಪ್ ತೆಗೆದು ಆ ಫೋಟೋಗಳನ್ನು ನೋಡಿದೆ. ಹೆಂಗಸರೆಲ್ಲ ಮಬ್ಬು ಮಬ್ಬು. ಹಿಂದಿನ ಮೇಜಿನಲ್ಲಿ ನಾನೊಬ್ಬಳೇ ಸ್ಪಷ್ಟ. ಪಿಜ್ಜಾದ ಚೀಸ್ ಎತ್ತಿ ಅಡಿಯಲ್ಲಿ ಮೀನಿದೆಯಾ ಅಂತ ಹುಡುಕುತ್ತಿದ್ದೇನೆ, ಸೂಪ್ ಮೂಸುತ್ತಿದ್ದೇನೆ. ನಲವತ್ತಮೂರು ಫೋಟೋ.

ಇದು ಪ್ರೀತಿಯೋ ಗೇಲಿಯೋ? ಕೇಳಿದರೆ ಕದ್ದು ನೋಡಿದ್ದು ಗೊತ್ತಾಗುತ್ತೆ.

ರಾತ್ರಿ ಊಟಕ್ಕೆ ಕೂತಾಗ ಅವನು ನನ್ನನ್ನೇ ನೋಡುತ್ತಿದ್ದ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಆದರೂ ಕೂದಲು ಸರಿಮಾಡಿಕೊಂಡೆ.